ಕೆಂಪು ಸೀಟಿನ ಸ್ಟೂಲು

ಮಗಳು ಸ್ಟೂಲನ್ನು ಮೊಣಕಾಲಿನಿಂದ ಮೂಲೆಗೆ ನೂಕಿದಳು. ನೂಕಿದ್ದೇ ತಡ, ಚಕ್ರಗಳು ಗರಗರ ಉರುಳಿ, ನಿನ್ನೆಯಿಂದ ನೆಲದ ಮೇಲೆ ಚೆಲ್ಲಿಕೊಂಡೇ ಇದ್ದ ಎಣ್ಣೆಯನ್ನು ದಾಟಿ ಗೋಡೆಗೆ ಹೋಗಿ ಬಡಿದವು. ಅವಳು ಹಳೆಯ ಟಾರ್ಪಾಲು ಎಳೆದು ಅದರ ಮೇಲೆ ಹೊದಿಸಿದಳು. ಅಂಗಳದಲ್ಲಿ ಅಪ್ಪನನ್ನು ಮಲಗಿಸಿದ್ದರು. ಬಂದವರೆಲ್ಲ ಗ್ಯಾರೇಜಿನ ಮುಂದೆಯೇ ಹಾದುಹೋಗುತ್ತಿದ್ದರು, ಒಳಗೆ ಇಣುಕದೆ ಹೋಗುವವರು ಯಾರೂ ಇರಲಿಲ್ಲ.

"ಏನ್ ಮಾಡ್ತಿದ್ದೀಯ ಮಗಾ?"

ಬಾಗಿಲಲ್ಲಿ ವೆಲ್ಡರ್ ಮಾಮ ನಿಂತಿದ್ದ. ಅಪ್ಪನ ನಲವತ್ತು ವರ್ಷದ ಗೆಳೆಯ. ಯಾವಾಗಿನಿಂದ ನಿಂತಿದ್ದನೋ ಏನೋ.

"ಏನಿಲ್ಲ ಮಾಮ. ಸ್ವಲ್ಪ ಜಾಗ ಮಾಡ್ತಿದ್ದೆ."

ಅವನು ಟಾರ್ಪಾಲನ್ನು ನೋಡಿದ, ಅದರಡಿಯಿಂದ ಇಣುಕುತ್ತಿದ್ದ ಚಕ್ರವನ್ನು ನೋಡಿದ, ಏನೋ ಹೇಳಹೊರಟ. ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು.

ಆ ಗ್ಯಾರೇಜಿಗೆ ಕಾರೆಂಬುದು ಎಂದೂ ಕಾಲಿಟ್ಟಿರಲಿಲ್ಲ. ಪಂಪ್‌ಹೌಸಿನ ಕೆಲಸದಿಂದ ನಿವೃತ್ತನಾದ ಮೇಲೆ ಅಪ್ಪ ಅಲ್ಲಿ ಬೀದಿಯವರ ಫ್ಯಾನು, ಮೋಟಾರು, ಮಿಕ್ಸಿಗಳ ಹೊಟ್ಟೆ ಬಗೆಯುತ್ತ ಕೂರುತ್ತಿದ್ದ. ಒಂದೊಂದು ಸ್ಕ್ರೂ ಬಿಚ್ಚುವಾಗಲೂ ಅದರ ಗುಣಗಾನ ಮಾಡಿ ತಲೆ ತಿನ್ನುತ್ತಿದ್ದುದರಿಂದ ಬೀದಿಗೆಲ್ಲ ಅವನು ಸ್ಕ್ರೂ ಮೇಷ್ಟ್ರು. ನಿನ್ನೆ ಬೆಳಗ್ಗೆ ಅಲ್ಲೇ ಬಿದ್ದಿದ್ದ. ತಲೆ ಬೆಂಚಿನ ಕಬ್ಬಿಣದ ಅಂಚಿಗೆ ತಗುಲಿತ್ತು. ಸ್ಟೂಲು ಎರಡು ಗೇಣು ಆಚೆಗಿತ್ತು. ಎದೆ ನಿಂತು ಬಿದ್ದರೋ, ಬಿದ್ದ ಮೇಲೆ ಎದೆ ನಿಂತಿತೋ ಹೇಳುವುದು ಕಷ್ಟ ಎಂದಿದ್ದರು ಡಾಕ್ಟರು.

ಅಂಗಳದಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ದೊಡ್ಡ ದನಿಯಲ್ಲಿ ಅಳುತ್ತಲೇ ವಿಚಾರಣೆಯನ್ನೂ ನಡೆಸುತ್ತಿದ್ದಳು.

"ಬಣ್ಣದ ಡಬ್ಬ ಬೋರಲು ಹಾಕ್ಕೊಂಡು ಇಷ್ಟು ವರ್ಷ ಕೂತ ನಮ್ಮಣ್ಣ, ಒಂದು ದಿನ ಬಿದ್ದಿರಲಿಲ್ಲ. ಈ ವಯಸ್ಸಲ್ಲಿ ಚಕ್ರದ ಮೇಲೆ ಕೂರಿಸಿದ್ರಲ್ಲ! ಯಾರು ಅತ್ತಿಗೆ, ಆ ಸ್ಟೂಲು ತಂದಿದ್ದು?"

ಅಮ್ಮ ತಲೆ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಾನೇ ತಂದಿದ್ದು ಎನ್ನುವ ಬದಲು ಮಗಳು ಬಂದವರ ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

*

ಆ ಸ್ಟೂಲು ತಂದು ನಾಲ್ಕು ತಿಂಗಳಾಗಿತ್ತು. ಮಗಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಡಾಕ್ಟರು ದಿನವಿಡೀ ದುಂಡು ಸ್ಟೂಲಿನ ಮೇಲೆ ಸರ್ರನೆ ಅತ್ತ ಇತ್ತ ಜಾರುವುದನ್ನು ನೋಡಿ ನೋಡಿ, ಡಬ್ಬದ ಮೇಲಿಂದ ಏಳಲು ಬೆಂಚು ಹಿಡಿದು ಒದ್ದಾಡುವ ಅಪ್ಪನಿಗೂ ಅಂಥದ್ದೇ ಬೇಕೆಂದು ಹಟ ಹಿಡಿದಳು.

ಅಂಗಡಿಯಲ್ಲಿ ಮೂರು ಬಗೆಯಿದ್ದವು. ಒಂದು ತೀರ ಗಿಡ್ಡ, ಕೆಳಗೆ ಸ್ಪ್ಯಾನರ್ ಇಡುವ ತಟ್ಟೆಯಿತ್ತು. ಕಾರಿನಡಿ ನುಸುಳುವವರಿಗೆ ಸರಿ ಎಂದು ಅಪ್ಪ ಅದನ್ನು ಬಿಟ್ಟ. ಎರಡನೆಯದು ಗಟ್ಟಿ ಸೀಟಿನದು, ಚಕ್ರಗಳಿಗೆ ಲಾಕ್ ಇತ್ತು. ಅಪ್ಪ ಅದರ ಮೇಲೆ ಕೂತು, ಗಾಳಿಯಲ್ಲೇ ಒಂದು ಸ್ಕ್ರೂ ಬಿಚ್ಚಿ, ಪಾದದಿಂದ ಲಾಕ್ ಒತ್ತಿ, ಎತ್ತಿ, ಮತ್ತೆ ಒತ್ತಿ ನೋಡಿದ.

"ಇದೇ ಇರ್ಲಿ ಕಣೆ."

"ಅಯ್ಯೋ, ಹಲಗೆ ಇದ್ದ ಹಾಗಿದೆ ಅಪ್ಪ. ಆ ಕೆಂಪು ಸೀಟಿಂದು ನೋಡು, ಎಷ್ಟು ಮೆತ್ತಗಿದೆ. ಎತ್ತರಾನೂ ಏರಿಸಬಹುದು, ಇಳಿಸಬಹುದು."

"ಅದಕ್ಕೆ ಲಾಕ್ ಇಲ್ವಲ್ಲೇ."

"ಲಾಕ್ ಯಾಕೆ ನಿಂಗೆ? ಇಳಿಜಾರಲ್ಲಿ ಲಾರಿ ನಿಲ್ಲಿಸ್ತೀಯಾ? ನಮ್ಮ ಡಾಕ್ಟ್ರು ಒಂದು ದಿನ ಬಿದ್ದಿಲ್ಲ."

ಅಂಗಡಿಯವನು ನಕ್ಕ. ಅಪ್ಪನೂ ನಕ್ಕ. ಗಟ್ಟಿ ಸೀಟನ್ನು ಒಮ್ಮೆ ತಟ್ಟಿ, "ಸರಿ, ನೀನು ಹೇಳಿದ ಮೇಲೆ ಮುಗೀತು," ಎಂದ. ಅವಳಿಗೆ ಡ್ಯೂಟಿಗೆ ಹೊತ್ತಾಗಿತ್ತು.

*

ಸ್ಮಶಾನದಿಂದ ಮರಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಹೊರಟರು. ಮಗಳು ನೇರ ಗ್ಯಾರೇಜಿಗೆ ನಡೆದಳು. ಸ್ಟೂಲನ್ನು ಇವತ್ತೇ ಮನೆಯಿಂದಾಚೆ ಸಾಗಿಸಬೇಕಿತ್ತು. ವೆಲ್ಡರ್ ಮಾಮ ಅವಳಿಗಿಂತ ಮೊದಲೇ ಅಲ್ಲಿದ್ದ. ಟಾರ್ಪಾಲು ಸರಿಸಿ ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ತಗೊಂಡು ಹೋಗು ಮಾಮ," ಎಂದಳು. "ಕತ್ತರಿಸಿ ಹಾಕು. ಅಪ್ಪ ಲಾಕ್ ಇರೋದು ಬೇಕು ಅಂದಿದ್ದ. ನಾನೇ ಬೇಡ ಅಂದೆ. ನಗಾಡಿದೆ, ಮಾಮ. ಎಲ್ಲರ ಮುಂದೆ ನಗಾಡಿದೆ."

ಬೆಳಗಿನಿಂದ ತಡೆದಿದ್ದ ಅಳು ಈಗ ಉಕ್ಕಿ ಬಂತು. ಮಾಮ ಅವಳನ್ನು ಅಳಲು ಬಿಟ್ಟ.

"ಇಲ್ಲಿ ನೋಡು," ಎಂದ ಆಮೇಲೆ. ಸೀಟಿನ ಕೆಳಗೆ, ಚಕ್ರಗಳ ನಡುವೆ, ಸಣ್ಣದೊಂದು ಪೆಡಲಿತ್ತು. ಅದರ ತುದಿಗೆ ರಬ್ಬರಿನ ತುಂಡು. "ತಂದ ವಾರವೇ ನನ್ನ ಹತ್ರ ಬಂದು ಹಾಕಿಸ್ಕೊಂಡ. ಹಳೇ ಸೈಕಲ್ ಸ್ಟ್ಯಾಂಡು ಇದು. ಒತ್ತಿದ್ರೆ ನೆಲ ಕಚ್ಚಿ ನಿಲ್ಲುತ್ತೆ, ಎತ್ತಿದ್ರೆ ಓಡುತ್ತೆ. ನಿಂಗೆ ಮಾತ್ರ ಹೇಳಬಾರದು ಅಂದ. ಆಸೆಪಟ್ಟು ಆರಿಸಿದ್ದಾಳೆ, ಬೇಜಾರು ಮಾಡ್ಕೋತಾಳೆ ಅಂದ."

"ಹಾಗಾದ್ರೆ..."

"ಏಳೋವಾಗ ಒತ್ತಿಟ್ಟೇ ಏಳೋನು. ಅದೇ ಧೈರ್ಯದ ಮೇಲೆ ಹಿಂದೆ ತಿರುಗಿ ನೋಡದೆ ಕೂರೋನು. ಆ ವಿಷಯದಲ್ಲಿ ಅವನು ಗಡಿಯಾರ. ನಿನ್ನ ತಪ್ಪೇನಿಲ್ಲ ಮಗಾ."

ಎದೆಯ ಮೇಲಿನ ಬಂಡೆಯನ್ನು ಯಾರೋ ಇಳಿಸಿದ ಹಾಗಾಯಿತು. ಆದರೆ ಮರುಕ್ಷಣವೇ ಅವಳಿಗೆ ನೆನಪಾಯಿತು. ಬೆಳಗ್ಗೆ ಸ್ಟೂಲು ಉರುಳಿತ್ತು. ಮೊಣಕಾಲು ತಾಕಿದ್ದೇ ತಡ ಉರುಳಿತ್ತು. ಮಾಮನ ಮುಖ ನೋಡಿದಳು. ಅವನು ಮುಖ ತಿರುಗಿಸಿದ.

"ಆ ಪೆಡಲನ್ನ ನಾನೇ ಎತ್ತಿದ್ದೆ," ಎಂಬ ದನಿ ಕೇಳಿತು.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಿನ್ನೆ ಬೆಳಗ್ಗೆ ಅವರು ಹೊರಗೆ ಪೇಪರ್ ಓದ್ತಿದ್ರು. ಕಸ ಗುಡಿಸೋಣ ಅಂತ ಒಳಗೆ ಬಂದೆ. ಅದನ್ನ ಎತ್ತಿ, ಸ್ಟೂಲು ಆಚೆ ತಳ್ಳಿ ಗುಡಿಸಿ, ಮತ್ತೆ ತಂದಿಟ್ಟೆ." ಅಮ್ಮನ ತುಟಿ ಒಣಗಿತ್ತು. "ಒತ್ತಿದೆನೋ ಇಲ್ಲವೋ ನೆನಪಾಗ್ತಿಲ್ಲ ಕಣೆ. ನಿನ್ನೆಯಿಂದ ನೆನೆಸಿಕೊಳ್ತಾನೇ ಇದ್ದೀನಿ. ಪೊರಕೆ ಎಲ್ಲಿಟ್ಟೆ ಅನ್ನೋದು ಸಮೇತ ನೆನಪಿದೆ. ಇದೊಂದು ಬರ್ತಿಲ್ಲ."

ಮಗಳು ಕಣ್ಣೊರೆಸಿಕೊಂಡಳು.

"ಒತ್ತಿಯೇ ಇತ್ತು ಅಮ್ಮ."

"ನಿಂಗೆ ಹೇಗೆ ಗೊತ್ತು?"

"ಬೆಳಗ್ಗೆ ತಳ್ಳೋಕೆ ಹೋದೆ, ಒಂದಿಂಚೂ ಜರುಗಲಿಲ್ಲ. ಇದ್ಯಾಕೆ ಹೀಗೆ ಅಂತ ಎತ್ಕೊಂಡೇ ತಂದು ಮೂಲೇಲಿಟ್ಟೆ. ಬ್ರೇಕ್ ಇರೋದು ನಂಗೆ ಈಗ ಗೊತ್ತಾಯ್ತು, ಮಾಮ ಹೇಳಿದ ಮೇಲೆ. ಬೆಳಗ್ಗೆ ಮಾಮ ಇಲ್ಲೇ ಇದ್ರು, ಕೇಳು ಬೇಕಾದ್ರೆ."

ಅಮ್ಮ ವೆಲ್ಡರ್ ಮಾಮನ ಕಡೆ ತಿರುಗಿದಳು. ಅವನ ಹಿಂದೆ, ಬೆಂಚಿನಿಂದ ಮೂಲೆಯವರೆಗೆ, ಚಕ್ರಗಳು ಎಳೆದ ಎಣ್ಣೆಯ ಗೆರೆಗಳು ಕಪ್ಪಗೆ ಬಿದ್ದಿದ್ದವು. ಅವನು ಒಂದು ಹೆಜ್ಜೆ ಸರಿದು ಅವುಗಳಿಗೆ ಅಡ್ಡ ನಿಂತ.

"ಹೌದಮ್ಮ. ಎತ್ಕೊಂಡೇ ಬಂದ್ಲು," ಎಂದ. "ಎದೆನೇ ನಿಂತಿರಬೇಕು ಮೊದ್ಲು."

ಅಮ್ಮನ ಭುಜ ನಿಧಾನವಾಗಿ ಇಳಿಯಿತು. ಎರಡು ದಿನದಿಂದ ನಿಂತೇ ಇದ್ದವಳಂತೆ ಸ್ಟೂಲಿನ ಹತ್ತಿರ ಬಂದು, ಪಾದದಿಂದ ಪೆಡಲು ಒತ್ತಿ, ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಮಗಳು ಅವಳ ಕಾಲ ಬಳಿ ಕೂತು ಚಕ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಮ್ಮನ ಬೆನ್ನ ಹಿಂದೆ ವೆಲ್ಡರ್ ಮಾಮ ಬೆಂಚಿನ ಮೇಲಿದ್ದ ಅಪ್ಪನ ಹಳೆಯ ಬನಿಯನ್ ತುಂಡು ತೆಗೆದುಕೊಂಡ. ನೋಯುವ ಮೊಣಕಾಲೂರಿ, ಸದ್ದಾಗದಂತೆ, ಎಣ್ಣೆಯ ಗೆರೆಗಳನ್ನು ಒರೆಸುತ್ತ ಬಂದ.