ಶಾರದಮ್ಮನವರ ಸಾರಿನಪುಡಿ

ಮುನಿಕೆಂಪಮ್ಮ ಮೆಣಸಿನಕಾಯಿ ಹುರಿಯಲು ಕೂತರೆ ಶೆಟ್ಟಿಹಳ್ಳಿಯ ಕೆಳಗೇರಿಗೆ ಕೇರಿಯೇ ಕೆಮ್ಮುತ್ತಿತ್ತು. ಅವಳು ಮಾತ್ರ ಕೆಮ್ಮಿದವಳಲ್ಲ. ಅವಳ ಸಾರಿನಪುಡಿಯನ್ನೇ ನಂಬಿ ಮಗಳು ಸರಳಾ, ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್ ಬಾಗಿಲು ಮುಚ್ಚಿದ ವರ್ಷ ಫೇಸ್‌ಬುಕ್ಕಿನಲ್ಲಿ ಪೇಜು ತೆರೆದಳು. ಅವ್ವನ ಫೋಟೊ, ಅವ್ವನ ಹೆಸರು ಹಾಕಿದಳು. ತಿಂಗಳಾದರೂ ಒಂದು ಆರ್ಡರಿಲ್ಲ. ಬಂದದ್ದು ಒಂದೇ ಕಾಮೆಂಟು: ‘ನೀವು ಯಾವ ಜನ?’

ಸರಳಾ ಆ ಫೋಟೊ ಕಿತ್ತಳು. ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದ ಯಾರೋ ಹೆಂಗಸಿನ ಚಿತ್ರವನ್ನು ಇಂಟರ್ನೆಟ್ಟಿನಿಂದ ಎತ್ತಿ ತಂದು ಕೂರಿಸಿ, ‘ಶಾರದಮ್ಮನವರ ಮಡಿ ಅಡುಗೆಮನೆ’ ಎಂದು ಬರೆದಳು. ಅದೇ ಪುಡಿ, ಅದೇ ಡಬ್ಬಿ. ವಾರದೊಳಗೆ ಕೆಂಪಾಪುರದಿಂದ, ನಾಗಸಂದ್ರದಿಂದ ಆರ್ಡರುಗಳು ಮುಗಿಬಿದ್ದವು. ಥೂ, ಈ ಊರಿನ ನಾಲಿಗೆಗೆ ಉಪ್ಪು ಖಾರಕ್ಕಿಂತ ಮೊದಲು ಜಾತಿ ತಾಗಬೇಕು!

ಅವ್ವನಿಗೆ ಓದು ಬಾರದು. "ಇವತ್ತು ಏನ್ ಬರ್ದವ್ರೆ, ಓದೇ" ಎಂದು ಸಂಜೆ ಮಗಳ ಪಕ್ಕ ಕೂರುವಳು. ‘ಶಾರದಮ್ಮನವರ ಕೈಗೆ ಚಿನ್ನದ ಬಳೆ ತೊಡಿಸಬೇಕು’ ಎಂದಿದ್ದರೆ ಸರಳಾ, ಫೋಟೊ ಕಾಣದಂತೆ ಫೋನನ್ನು ವಾರೆ ಹಿಡಿದು, ‘ಮುನಿಕೆಂಪಮ್ಮನವರ ಕೈಗೆ’ ಎಂದು ಓದುವಳು.

"ಅಮ್ನೋರು ಅಂತ ಬರ್ದವ್ರಾ? ನನ್ನ?" ಅವ್ವ ನಗುತ್ತಾ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವಳು.

ಎಲ್ಲರಿಗಿಂತ ಹೆಚ್ಚು ಹೊಗಳುತ್ತಿದ್ದವಳು ನಾಗಸಂದ್ರದ ರಾಧಾಮಣಿ, ಬಿಲ್ಡರೊಬ್ಬನ ಹೆಂಡತಿ. ಮೆಟ್ರೊ ಸ್ಟೇಷನ್ನಿನ ಬಳಿ ಅವಳಿಗೆ ಡಬ್ಬಿ ಕೊಡಲು ಸರಳಾ ಹೊರಟ ದಿನ ಅವ್ವ ಹಟಕ್ಕೆ ಬಿದ್ದಳು. "ಆಯಮ್ಮನ ಮಕ ಒಂದಪ ನೋಡ್ಬೇಕು ಕಣೇ." ಬಿಸಿಲು, ರಶ್ಶು ಎಂದು ಸರಳಾ ಏನೇನೋ ಹೇಳಿದಳು. ಅಷ್ಟರಲ್ಲಿ ಅವ್ವ ಹೊಸ ಸೀರೆ ಉಟ್ಟಾಗಿತ್ತು.

ರಾಧಾಮಣಿ ಕಾರಿನಿಂದಿಳಿದವಳೇ ಸುತ್ತ ನೋಡಿದಳು. "ಶಾರದಮ್ಮನೋರು ಬರ್ಲಿಲ್ವಾ?"

"ಯಾವ ಶಾರದಮ್ಮ?" ಎನ್ನುತ್ತಲೇ ಅವ್ವ ಮಗಳತ್ತ ತಿರುಗಿದಳು. ಅಕ್ಷರ ಬಾರದ ಆ ಹೆಂಗಸು ಮಗಳ ಮುಖವನ್ನು ಒಂದೇ ಸಲಕ್ಕೆ ಓದಿ ಮುಗಿಸಿದಳು.

"ನೀವು ಅವ್ರ ಮನೆ ಕೆಲ್ಸದೋರಾ?" ರಾಧಾಮಣಿ ಕೇಳಿದಳು. "ಕುಟ್ಟೋದು ಬೀಸೋದು, ಆಚೆ ಕೆಲ್ಸ ತಾನೆ? ಒಳಗೆ ಬಿಟ್ಕೊಳ್ಳಲ್ಲ ಅಲ್ವಾ? ಬೇಜಾರ್ ಮಾಡ್ಕೋಬೇಡಿ, ದೇವ್ರ ನೈವೇದ್ಯಕ್ಕೂ ಇದೇ ಪುಡಿ ಹಾಕ್ತೀವಿ, ಅದಕ್ಕೇ ಕೇಳ್ದೆ."

"ಇಲ್ಲ ತಾಯಿ," ಎಂದಳು ಮುನಿಕೆಂಪಮ್ಮ. "ನಾವು ಒಳಕ್ಕೆ ಓಗಲ್ಲ."

ಸರಳಾ ಡಬ್ಬಿ ಕೊಟ್ಟು ದುಡ್ಡು ತೆಗೆದುಕೊಂಡಳು. ರಾಧಾಮಣಿ ಕಾರು ಹತ್ತಿ ಹೋದಳು.

ಬಸ್ ಸ್ಟಾಪಿನಲ್ಲಿ ಅವ್ವನೇ ಬಾಯಿ ಬಿಟ್ಟಳು. "ನಮ್ಮವ್ವ ಬಾವಿ ಕಟ್ಟೆ ಕೆಳಗೆ ಬಿಂದಿಗೆ ಇಟ್ಕಂಡು ನಿಂತಿರೋಳು, ಯಾರಾರ ಸೇದಿ ಉಯ್ಯಲಿ ಅಂತ. ನೀನು ಫೋನಲ್ಲೂ ನನ್ನ ಅಲ್ಲೇ ನಿಲ್ಲಿಸ್ದಲ್ಲೇ."

ಮನೆಗೆ ಬಂದವಳೇ ಸರಳಾ ರೇಷ್ಮೆ ಸೀರೆಯವಳನ್ನು ಅಳಿಸಿ ಅವ್ವನ ಫೋಟೊ ಹಾಕಿದಳು. ‘ಇಷ್ಟು ದಿನ ನೀವು ತಿಂದದ್ದು ನನ್ನ ಅವ್ವನ ಕೈಯ ಪುಡಿ. ಶೆಟ್ಟಿಹಳ್ಳಿ ಕೆಳಗೇರಿಯ ಮುನಿಕೆಂಪಮ್ಮ’ ಎಂದು ಬರೆದಳು. ಮರುದಿನದ ಹೊತ್ತಿಗೆ ಇದ್ದ ಆರ್ಡರುಗಳೆಲ್ಲ ರದ್ದಾದವು. ಆಮೇಲೆ ಬೈಗುಳ ಶುರುವಾಯಿತು.

ಸಂಜೆ ಅವ್ವ ಬಂದು ಕೂತಳು. "ಓದು."

"ಬ್ಯಾಡ ಬಿಡವ್ವ."

"ಇದ್ದಂಗೇ ಓದೇ. ಒಂದಕ್ಸರ ಆಚೆ ಈಚೆ ಮಾಡ್ಬೇಡ."

ಸರಳಾ ರಾಧಾಮಣಿ ಬರೆದದ್ದನ್ನು ಓದಿದಳು. ‘ಮೋಸಗಾರರು. ನಮ್ಮ ದೇವರ ಮನೆ ಮೈಲಿಗೆ ಮಾಡಿದಿರಿ. ಡಬ್ಬಿಯನ್ನು ಮೋರಿಗೆ ಸುರಿದಿದ್ದೇನೆ. ಯಾರೂ ಇವರ ಹತ್ತಿರ ಕೊಳ್ಳಬೇಡಿ.’

ಅವ್ವ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ಪುಡಿ ಚೆನ್ನಾಗಿರ್ಲಿಲ್ಲ ಅಂತೇನಾರ ಬರ್ದವ್ಳಾ?"

"ಇಲ್ಲವ್ವ."