ಹೊಳೆಯ ಕಡೆಯ ಗೇಟು

ಸಂಜೆ ದೀಪ ಹಚ್ಚುವ ಮೊದಲೇ ಸಿಸ್ಟರ್ ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡುತ್ತಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾಗಿದ್ದರೂ ಜನರ ಬಾಯಲ್ಲಿ ಅವರಿನ್ನೂ ಸಿಸ್ಟರೇ. ಜೊತೆಗಿದ್ದ ತಂಗಿ ಮಾತ್ರ ಅಕ್ಕ ಎನ್ನುತ್ತಿದ್ದಳು. ಹೊಳೆದಂಡೆಯ ಹೊಸ ಕಟ್ಟಡದ ಮೂರನೇ ಮಹಡಿಗೆ ಇಬ್ಬರೂ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಅಲ್ಲಿ ಮೊದಲು ಪಾಳುಬಿದ್ದ ಗೋದಾಮುಗಳಿದ್ದವು. ಊರಂಚಿನ ಆ ಹಳೇ ಪೇಟೆಗೆ ಮತ್ತೆ ಜೀವ ಬರಲೆಂದು ಪುರಸಭೆಯವರು ಅವನ್ನು ಕೆಡವಿಸಿ, ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆಗಳಿರುವ ಕಟ್ಟಡ ಎಬ್ಬಿಸಿದ್ದರು. ನೀರಿನಂಚಿಗೆ ಕಲ್ಲು ಹಾಸಿದ ಕಾಲುದಾರಿ, ಬೆಂಚುಗಳು. ಪೇಟೆ ಬೀದಿಯಿಂದ ಅಲ್ಲಿಗಿಳಿಯಲು ಮೆಟ್ಟಿಲು. ಹೊತ್ತು ಇಳಿದರೆ ಸಾಕು, ಅರ್ಧ ಪೇಟೆ ಅಲ್ಲೇ ಇರುತ್ತಿತ್ತು. ಕೆಲಸ ಬಿಟ್ಟು ಬಂದವರು, ಹರಟೆಯ ಹೆಂಗಸರು, ಮೊಬೈಲಿನಲ್ಲಿ ಹಾಡು ಹಾಕಿ ಕೂತ ಹುಡುಗರು.

ಸಿಸ್ಟರಿಗೆ ಅದೇ ಭಯ. ಅವರು ಹೆಚ್ಚು ಕಾಲ ದುಡಿದದ್ದು ಆಸ್ಪತ್ರೆಯ ಅಪಘಾತ ವಾರ್ಡಿನಲ್ಲಿ. ಚೂರಿ ತಾಗಿದವರು, ತಲೆ ಒಡೆಸಿಕೊಂಡವರು ಬಂದು ಬೀಳುತ್ತಿದ್ದುದು ಕತ್ತಲಾಗುವ ಹೊತ್ತಿಗೇ. ಈಗ ನಾಲ್ಕು ಜನ ಗುಂಪುಕೂಡಿ ನಕ್ಕರೂ ಅವರ ಕಣ್ಣಿಗೆ ಸ್ಟ್ರೆಚರ್ ಕಟ್ಟುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದವನು ಗಾಳ ಹಾಕಿ ಒಬ್ಬನೇ ಕೂರುತ್ತಿದ್ದ ಎತ್ತರದ ಆಳು. ಕೆನ್ನೆಯ ಉದ್ದಕ್ಕೂ ಹಳೆಯ ಗಾಯದ ಗೆರೆ. ತಂಗಿ ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟಿದ್ದಳು.

"ಮೀನು ಹಿಡಿಯೋನು ನೀರು ನೋಡ್ಬೇಕು ತಾನೇ? ನಮ್ಮ ಕಿಟಕಿ ಯಾಕೆ ನೋಡ್ತಾನೆ?" ಎಂದರು ಸಿಸ್ಟರ್ ಒಂದು ಸಂಜೆ.

"ಮೀನು ಸಿಕ್ಕದೆ ಪಾಪ ಆಕಾಶ ನೋಡ್ತಾನೆ ಅಕ್ಕ. ಅದಕ್ಕೆ ಅಡ್ಡ ಬಂದೋರು ನಾವು," ಎಂದು ತಂಗಿ ನಕ್ಕಳು.

ಆ ತಿಂಗಳ ನಿವಾಸಿಗಳ ಸಂಘದ ಸಭೆಯಲ್ಲಿ, ಪೇಟೆ ಕಡೆಯ ಮೆಟ್ಟಿಲ ಬುಡಕ್ಕೆ ಗೇಟು ಹಾಕಿ ಬೀಗ ಜಡಿಯಬೇಕೆಂಬ ಮಾತು ಬಂತು. ಕೆಳಗಿನ ಬೇಕರಿಯವನು ತನ್ನ ಗಿರಾಕಿಗಳೆಲ್ಲ ಪೇಟೆಯವರೇ ಎಂದು ಅಂಗಲಾಚಿದ. ಹೆಂಗಸರು ಮಕ್ಕಳು ಇರುವ ಕಡೆ ಕಂಡವರನ್ನೆಲ್ಲ ಬಿಟ್ಟುಕೊಂಡು ನಾಳೆ ಹೆಚ್ಚುಕಡಿಮೆಯಾದರೆ ಹೊಣೆ ಯಾರು ಎಂದು ಕಾರ್ಯದರ್ಶಿ ಕೇಳಿದರು. ಅವರೇನು ಕೆಟ್ಟವರಲ್ಲ, ಅವರ ಮಗಳು ಆಫೀಸಿನಿಂದ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಳು. ಒಪ್ಪಿದವರು ಕೈಯೆತ್ತಿ ಎಂದಾಗ ಮೊದಲು ಮೇಲೆದ್ದದ್ದು ಸಿಸ್ಟರ ಕೈ.

ಗೇಟು ಬಂತು. ಮೊದಮೊದಲು ಸಿಸ್ಟರಿಗೆ ಹಾಯೆನಿಸಿತು. ಆಮೇಲೆ ಬೇಕರಿಯವನು ವ್ಯಾಪಾರವಿಲ್ಲದೆ ಹೊತ್ತಿಗೆ ಮೊದಲೇ ಶಟರ್ ಎಳೆಯತೊಡಗಿದ. ಪಕ್ಕದ ಅಂಗಡಿಗಳವರೂ ಹಾಗೇ ಮಾಡಿದರು. ಬೆಂಚುಗಳ ಮೇಲೆ ಎಲೆಗಳು ಬಿದ್ದಿದ್ದವು. ಆಫೀಸಿನವರು ಹೋದ ಮೇಲೆ ಅಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ.

ಒಂದು ಸಂಜೆ ವಾಕಿಂಗಿಗೆಂದು ಇಳಿದ ತಂಗಿ ದೀಪ ಹಚ್ಚಿದರೂ ಬರಲಿಲ್ಲ. ಅವಳ ಮೊಬೈಲು ಮೇಜಿನ ಮೇಲೇ ಇತ್ತು. ಸಿಸ್ಟರ್ ತಮ್ಮದನ್ನೂ ಮರೆತು ಬರಿಗೈಯಲ್ಲಿ ಕೆಳಗೆ ಓಡಿದರು. ಕಾವಲುಗಾರ ಕಟ್ಟಡದ ಆ ಬದಿಯ ಮುಂಬಾಗಿಲಲ್ಲಿದ್ದ. ಇಲ್ಲಿಂದ ಕೂಗಿದರೆ ಅವನಿಗೆ ಕೇಳುವಂತಿರಲಿಲ್ಲ. ಮುಚ್ಚಿದ ಶಟರುಗಳಿಗೆ ಬಡಿದು ಅವರದೇ ಹೆಜ್ಜೆ ಸದ್ದು ಹಿಂದಿನಿಂದ ಯಾರೋ ಬಂದಂತೆ ಕೇಳುತ್ತಿತ್ತು. ತಂಗಿಯನ್ನು ಕೂಗಿದರು. ಉತ್ತರವಿಲ್ಲ. ಕೇಳೋಣವೆಂದರೆ ಯಾರೂ ಇಲ್ಲ. ನೀರಿನ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ತಂಗಿ ಸಿಕ್ಕಿದ್ದು ಕಾಲುದಾರಿಯ ತುದಿಯಲ್ಲಿ, ಗೇಟಿನ ಹತ್ತಿರ. ಪಾಚಿಗೆ ಜಾರಿ ಬಿದ್ದಿದ್ದಳು. ಪಾದ ಊದಿ ಕುಂಬಳಕಾಯಿಯಾಗಿತ್ತು.

"ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು ಅಕ್ಕ. ಒಬ್ರೂ ಇಲ್ಲ," ಎಂದಳು.

ಅಷ್ಟರಲ್ಲಿ ಸಿಸ್ಟರ ಕೂಗು ಕೇಳಿ ಮೆಟ್ಟಿಲ ಮೇಲಿಂದ ಯಾರೋ ದಡದಡನೆ ಇಳಿದು ಬಂದರು. ಕಂಬಿಗಳ ಆಚೆ ನಿಂತದ್ದು ಉದ್ದಣ್ಣ. ಸಿಸ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಬೀಗ ಜಗ್ಗಿ ನೋಡಿ, ಸುತ್ತಿಕೊಂಡು ಹೋಗಿ ಕಾವಲುಗಾರನನ್ನು ಕರೆತರುತ್ತೇನೆಂದು ತಿರುಗಿದ. ಆ ಕತ್ತಲಲ್ಲಿ ಮತ್ತೆ ಇಬ್ಬರೇ ಉಳಿಯುವುದನ್ನು ನೆನೆದು ಸಿಸ್ಟರ್ ಕಂಬಿ ಹಿಡಿದುಕೊಂಡರು.

"ಹೋಗ್ಬೇಡಪ್ಪ," ಎಂದರು. ಅದು ತಮ್ಮದೇ ದನಿಯೇ ಎಂದು ಅವರಿಗೇ ಅನುಮಾನವಾಯಿತು.

"ಸರಿ, ಹೋಗಲ್ಲ. ಇಲ್ಲೇ ಇರ್ತೀನಿ ತಾಯಿ."

ಅವನು ಬೀದಿಯಲ್ಲಿ ಹೋಗುತ್ತಿದ್ದವರನ್ನು ಕೂಗಿ, ಕಾವಲುಗಾರನಿಗೆ ಸುದ್ದಿ ಮುಟ್ಟಿಸಲು ಹೇಳಿದ. ಹೆಗಲ ಮೇಲಿನ ಟವೆಲ್ಲನ್ನು ಕಂಬಿಯ ಸಂದಿಯಿಂದ ಈಚೆ ತೂರಿಸಿ ಕೊಟ್ಟ. ನೂರಾರು ಕಾಲು ಕಟ್ಟಿದ ಸಿಸ್ಟರ್ ಅಂದು ಅದನ್ನು ತಂಗಿಯ ಪಾದಕ್ಕೆ ಸುತ್ತಿ ಕಟ್ಟಿದರೆ ಗಂಟು ಎರಡು ಸಲ ಬಿಚ್ಚಿಹೋಯಿತು. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಮೇಲಿನೋರು ಹೆದರಿ ಬೀಗ ಹಾಕ್ಸಿದ್ರಂತೆ. ಅವರ ತಪ್ಪೂ ಅಲ್ಲ ಬಿಡಿ. ಗ್ಯಾರೇಜಲ್ಲಿ ಮೆಷಿನ್ ಬೆಲ್ಟ್ ಹರಿದು ಕೆನ್ನೆಗೆ ಬಡಿದಾಗಿಂದ ಈ ಮುಖಕ್ಕೆ ನನ್ನ ಮೊಮ್ಮಗಳೇ ಹೆದರ್ತಿದ್ಲು. ಆಮೇಲೆ ಅಭ್ಯಾಸ ಆಯ್ತು ಅವಳಿಗೆ."

ಸಿಸ್ಟರ್ ತಲೆಯೆತ್ತಲಿಲ್ಲ. ಕಾವಲುಗಾರ ಕೀಲಿ ತಂದು ಬೀಗ ತೆಗೆಯುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.

ಮುಂದಿನ ಸಭೆಯಲ್ಲಿ ವಿಷಯ ತಿಳಿದ ಕಾರ್ಯದರ್ಶಿ ಮರುಗಿ, ಇನ್ನಷ್ಟು ದೀಪ ಹಾಕಿಸಿ ಕ್ಯಾಮೆರಾ ಕೂರಿಸೋಣವೆಂದರು.

"ಕ್ಯಾಮೆರಾ ನೋಡತ್ತೆ ಸರ್, ಓಡಿ ಬರಲ್ಲ," ಎಂದರು ಸಿಸ್ಟರ್. "ನನಗೆ ಈಗಲೂ ಜನ ಕಂಡ್ರೆ ಹೆದರಿಕೇನೇ. ಆದ್ರೆ ಯಾರೂ ಇಲ್ಲದ ಆ ಸಂಜೆ ಹೆದರಿದ ಹಾಗೆ ಯಾವತ್ತೂ ಹೆದರಿಲ್ಲ. ಗೇಟು ತೆಗೀರಿ."

"ನಾಳೆ ಏನಾದ್ರೂ ಆದ್ರೆ?"

"ಕೀಲಿ ನನ್ನ ಹತ್ರ ಇರ್ಲಿ. ಯಾರಾದ್ರೂ ಕೇಳಿದ್ರೆ ತೆಗೆದೋಳು ನಾನೇ ಅಂತ ಹೇಳಿ."

ಕಾರ್ಯದರ್ಶಿಗೆ ಮನಸ್ಸಿರಲಿಲ್ಲ. ಆದರೂ ಸ್ವಲ್ಪ ದಿನ ನೋಡೋಣವೆಂದು ಒಪ್ಪಿದರು.

ಮರುದಿನ ಬಿಸಿಲು ಇಳಿಯುವ ಹೊತ್ತಿಗೆ ಸಿಸ್ಟರ್ ಒಬ್ಬರೇ ಹೋಗಿ ಬೀಗ ತೆಗೆದರು. ಮೆಟ್ಟಿಲ ಮೇಲೆ ಗುರುತಿಲ್ಲದ ನಾಲ್ಕೈದು ಗಂಡಸರು ಜೋರು ದನಿಯಲ್ಲಿ ಏನೋ ವಾದಿಸುತ್ತ ಇಳಿದು ಬಂದರು. ಸಿಸ್ಟರನ್ನು ಕಂಡು ಮಾತು ನಿಲ್ಲಿಸಿದರು.

"ಬರಬಹುದಾ ಅಮ್ಮ?" ಎಂದ ಒಬ್ಬ.

ಸಿಸ್ಟರ ಎದೆ ಡವಡವ ಎನ್ನುತ್ತಿತ್ತು. ಗೇಟನ್ನು ಗೋಡೆಗೆ ತಾಗುವವರೆಗೂ ತಳ್ಳಿ, ಪಕ್ಕಕ್ಕೆ ಸರಿದು, "ಬನ್ನಿ," ಎಂದರು. ಅವರೆಲ್ಲ ದಾಟಿ ಹೋದ ಮೇಲೂ ಮನೆಗೆ ಹೋಗಲಿಲ್ಲ. ಹತ್ತಿರದ ಬೆಂಚಿನ ಮೇಲಿದ್ದ ಒಣ ಎಲೆಗಳನ್ನು ಕೈಯಿಂದ ಸರಿಸಿ ಕೂತರು. ಸುತ್ತಲಿನ ದೀಪಗಳು ಹೊತ್ತಿಕೊಂಡವು. ಅವರು ಕೂತೇ ಇದ್ದರು.