ಕಿಟಕಿಯ ಮೇಲಿನ ಗಾರೆ

ದುರಸ್ತಿ ನಡೆಯುತ್ತಿದ್ದ ಹಳೆಯ ಗ್ರಂಥಾಲಯದ ಅಂಗಳದಲ್ಲಿ ಮೇಸ್ತ್ರಿಯ ಹೆಂಡತಿ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯುತ್ತಿದ್ದಳು. ಹನ್ನೆರಡು ವರ್ಷದಿಂದ ಗಾರೆ ಅರೆದದ್ದು ಅವಳು, ಹೊತ್ತದ್ದು ಅವಳು. ಗೋಡೆಗೆ ಬಳಿಯುವ ಕರಣೆ ಮಾತ್ರ ಗಂಡಸಿನ ಕೈಗೆ. ಹೆಂಗಸು ಕರಣೆ ಹಿಡಿದರೆ ಗೋಡೆ ನಿಲ್ಲದು ಎಂದು ಯಾವ ಪುಣ್ಯಾತ್ಮ ಹೇಳಿದನೋ, ಎಲ್ಲರೂ ತಲೆಯಾಡಿಸಿದ್ದರು.

“ಇನ್ನೂ ಎಷ್ಟು ಅರೀತೀಯೇ? ಗೋಡೆಗೆ ಬಳಿಯೋದು, ಕಣ್ಣಿಗೆ ಹಚ್ಚೋ ಕಾಡಿಗೆ ಅಲ್ಲ!”

“ಹದ ಬಂದಿಲ್ಲ ರೀ.”

ಮೇಸ್ತ್ರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಬಾಂಡ್ಲಿ ಸಿಮೆಂಟ್ ಸುರಿದ. ಬೇಗ ಗಟ್ಟಿಯಾಗುತ್ತದಲ್ಲ.

“ಬೇಡ ರೀ. ಹಳೇ ಗೋಡೆ, ತೇವ ಹೊರಗೆ ಹೋಗೋಕೆ ದಾರಿ ಬೇಕು. ಸಿಮೆಂಟ್ ಬಿಡಲ್ಲ. ಆಮೇಲೆ ಕಲ್ಲೇ ಉದುರುತ್ತೆ.”

“ನನಗೇ ಪಾಠನಾ?”

ಮೇಸ್ತ್ರಿ ಗೋಡೆಗಳಿಗೆ ಅದನ್ನೇ ಬಳಿದ. ಆಮೇಲೆ ಅವನಿಗೆ ಮೂರು ದಿನ ಜ್ವರ. ಕೆಲಸ ನಿಂತಿತು, ಆಳುಗಳು ಮನೆಗೆ ಹೋದರು. ಅವಳೊಬ್ಬಳೇ ಬಂದು ಕಿಟಕಿಯ ಮೇಲಿನ ಕಮಾನಿಗೆ ಗಾರೆ ಮಾಡಿ ಮುಗಿಸಿದಳು. ವಿಷಯ ತಿಳಿದಾಗ ಮೇಸ್ತ್ರಿ ಹಾಸಿಗೆಯಿಂದಲೇ ಹಾರಾಡಿದ. “ಯಾರಿಗಾದ್ರೂ ಗೊತ್ತಾದ್ರೆ ನನ್ನ ಮುಖ ಎಲ್ಲಿಡಲಿ?” ಅವಳು ಅವನ ಹಣೆಯ ಬಟ್ಟೆ ಬದಲಿಸಿದಳು, ಅಷ್ಟೆ.

ತಿಂಗಳಾದ ಮೇಲೆ ಎಂಜಿನಿಯರ್ ಪ್ರಯೋಗಾಲಯದ ವರದಿ ಹಿಡಿದು ಬಂದ.

“ಐದು ಕಡೆ ಗಾರೆ ಚೂರು ತೆಗೆದು ಪರೀಕ್ಷೆ ಮಾಡಿಸಿದ್ವಿ. ನಾಲ್ಕರಲ್ಲಿ ಸಿಮೆಂಟ್ ಇದೆ, ಅದನ್ನೆಲ್ಲ ಕೆತ್ತಿ ತೆಗೀಬೇಕು. ಕಿಟಕಿ ಮೇಲಿಂದು ಮಾತ್ರ ಹಳೇ ಗಾರೆ ಥರಾನೇ ಇದೆ. ಇದನ್ನ ಮಾಡಿದೋರೇ ಇನ್ಮೇಲೆ ಇಲ್ಲಿ ಮುಖ್ಯ ಮೇಸ್ತ್ರಿ. ಯಾರದು?”

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಹೆಂಡತಿಯೇ ಹೇಳಿದಳು: “ಇವರೇ ಸಾರ್. ಸಿಮೆಂಟ್ ಕಲಸಿದ್ದು ನಾನು. ಗೊತ್ತಾಗ್ಲಿಲ್ಲ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

“ಸುಳ್ಳು ಸಾರ್. ನನ್ನ ಮಾನ ಉಳಿಸೋಕೆ ಹೇಳ್ತಿದಾಳೆ. ಸಿಮೆಂಟ್ ನಂದು. ಕಿಟಕಿ ಅವಳದು.”

ಒಬ್ಬ ಆಳು ಕಿಸಕ್ಕೆಂದ. “ಹಂಗಾದ್ರೆ ಅಣ್ಣ ಇನ್ಮೇಲೆ ಬಾಂಡ್ಲಿ ಹೊರ್ತಾನಾ?”

“ಹೊರ್ತೀನಿ ಕಣೋ. ನೀನು ಹಲ್ಲು ಮುಚ್ಕೊಂಡು ದಾರಿ ಬಿಡು.”

ಮರುದಿನ ಅವಳು ಅಟ್ಟಣೆಯ ಮೇಲೆ ಕರಣೆ ಹಿಡಿದು ನಿಂತಿದ್ದಳು. ಬಾಂಡ್ಲಿ ತುಂಬ ಗಾರೆ ಹೊತ್ತು ಮೇಸ್ತ್ರಿ ಏದುಸಿರು ಬಿಡುತ್ತಾ ಹತ್ತಿ ಬಂದ.

“ಅರ್ಧರ್ಧ ತುಂಬ್ಕೊಂಡು ಬನ್ನಿ ರೀ, ಸೊಂಟ ಹಿಡ್ಕೊಳ್ಳುತ್ತೆ,” ಎಂದಳು ಅವಳು.

ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಈ ಮಾತನ್ನು ತಾನು ಅವಳಿಗೆ ಹೇಳಿದ್ದೆನೇ? ಅವನು ಗಾರೆ ಸುರಿದು, ಖಾಲಿ ಬಾಂಡ್ಲಿ ಎತ್ತಿಕೊಂಡು ಕೆಳಗಿಳಿದ.